ಊರಿನ ಪಹಣಿ, ಪಂಚಾಯಿತಿ ದಾಖಲೆ ಮುಂಬೈನಿಂದಲೇ ಪಡೆಯುವುದು ಹೇಗೆ?

ಮುಂಬೈ, ಪುಣೆಯಲ್ಲಿ ನೆಲೆಸಿದ ಅನೇಕ ಕನ್ನಡಿಗರಿಗೆ ಊರಿನ ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದು ತಿಳಿಯುವುದೇ ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಬಂದಾಗ. ಅಷ್ಟರಲ್ಲಿ ಖಾತೆಯೇ ಬದಲಾಗಿರಬಹುದು. ಪರಿಶೀಲಿಸಲು ರಜೆ ಹಾಕಿ ಬಸ್ ಹತ್ತಬೇಕಿಲ್ಲ.

ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರ್ ಗೊತ್ತಿದ್ದರೆ ಕಂದಾಯ ಇಲಾಖೆಯ 'ಭೂಮಿ' ಜಾಲತಾಣದಲ್ಲಿ ಪಹಣಿ ನೋಡಬಹುದು. ಆದರೆ ಹೆಸರು ಹೇಗೆ ಬದಲಾಯಿತು ಎಂದು ತಿಳಿಯಲು ಪಹಣಿ ಸಾಲದು, ಮ್ಯುಟೇಶನ್ ದಾಖಲೆಯೇ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ನಿವೇಶನಗಳ ನಮೂನೆ 9 ಮತ್ತು 11 'ಇ-ಸ್ವತ್ತು' ವ್ಯವಸ್ಥೆಯಲ್ಲಿವೆ.

ಆನ್‌ಲೈನ್‌ನಲ್ಲಿ ಸಿಗದ ಹಳೆಯ ಕಡತ, ಸಭಾ ನಡಾವಳಿ, ಕಾಮಗಾರಿ ಬಿಲ್‌ಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯೇ ದಾರಿ. ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆದ ಅರ್ಜಿಯೊಂದಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅಂಚೆಯಲ್ಲಿ ಕಳುಹಿಸಿದರಾಯಿತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ಮನೆತನದ ಜಗಳವನ್ನೆಲ್ಲ ಬರೆಯುವ ಬದಲು 'ಇಂಥ ಆಸ್ತಿಯ, ಇಂಥ ವರ್ಷದ ಖಾತೆ ಬದಲಾವಣೆ ಕಡತದ ದೃಢೀಕೃತ ನಕಲು' ಎಂದು ನೇರವಾಗಿ ಕೇಳುವುದೇ ಜಾಣತನ. ಕಾರಣ ಹೇಳಬೇಕಾದ ಅಗತ್ಯವೂ ಇಲ್ಲ.

ಅರ್ಜಿ ತಲುಪಿದ 30 ದಿನಗಳಲ್ಲಿ ಉತ್ತರ ಬರಬೇಕು. ತಡವಾದರೆ ನಕಲಿಗೆ ಶುಲ್ಕವಿಲ್ಲ. ಉತ್ತರವೇ ಬಾರದಿದ್ದರೆ ನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅಲ್ಲೂ ನ್ಯಾಯ ಸಿಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಈ ದಿನಗಳ ಲೆಕ್ಕಕ್ಕೆ ಅಂಚೆ ರಸೀದಿಯೇ ಆಧಾರವಾದ್ದರಿಂದ ಅದನ್ನು ಜೋಪಾನವಾಗಿಡಬೇಕು.