ಮಹಿಳಾ ಕ್ರೀಡೆಯಲ್ಲಿ ಲಿಂಗಪರೀಕ್ಷೆ

ಮಹಿಳಾ ವಿಭಾಗದಲ್ಲಿ ಯಾರು ಸ್ಪರ್ಧಿಸಬಹುದೆಂದು ನಿರ್ಧರಿಸುವ ವೈದ್ಯಕೀಯ ತಪಾಸಣೆ. ಗಂಡಿನ ಪ್ರಾಯದಲ್ಲಿ ಟೆಸ್ಟೋಸ್ಟಿರಾನ್ ಸ್ನಾಯು, ಮೂಳೆಗಳಿಗೆ ಕೊಟ್ಟ ಬಲ ಮುಂದಿನ ಚಿಕಿತ್ಸೆಯಿಂದ ಪೂರ್ತಿ ಇಳಿಯದೆಂಬ ವಾದದ ಮೇಲೆ, ಆ ಪ್ರಾಯ ದಾಟಿದ ಟ್ರಾನ್ಸ್ ಮಹಿಳೆಯರನ್ನು ವಿಶ್ವ ಅಥ್ಲೆಟಿಕ್ಸ್ ಮತ್ತು ಐಸಿಸಿ 2023ರಲ್ಲಿ ಅಂತರರಾಷ್ಟ್ರೀಯ ಮಹಿಳಾ ಸ್ಪರ್ಧೆಗಳಿಂದ ಹೊರಗಿಟ್ಟವು. ವಾದದಲ್ಲಿ ತಿರುಳಿದೆ. ಆದರೆ ಭಾರತದಲ್ಲಿ ತಪಾಸಣೆಯ ದೊಡ್ಡ ಪೆಟ್ಟು ಬಿದ್ದದ್ದು ಹುಟ್ಟಿನಿಂದ ಹೆಣ್ಣಾಗಿಯೇ ಬೆಳೆದವರಿಗೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಇಟ್ಟಿಗೆ ಗೂಡಿನ ಕೂಲಿಕಾರರ ಮಗಳು ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟವನ್ನು 2 ನಿಮಿಷ 3.16 ಸೆಕೆಂಡಿನಲ್ಲಿ ಮುಗಿಸಿ ಬೆಳ್ಳಿ ಗೆದ್ದರು; ಪರೀಕ್ಷೆಯ ಬಳಿಕ ಪದಕ ಕಿತ್ತುಕೊಳ್ಳಲಾಯಿತು. ಹೆತ್ತವರಂತೆ ಶಾಂತಿಯೂ ಇಟ್ಟಿಗೆ ಗೂಡಿನಲ್ಲಿ ದುಡಿದರು. ಆಮೇಲೆ ಬೆಂಗಳೂರಿನಲ್ಲಿ ತರಬೇತುದಾರರ ಡಿಪ್ಲೊಮಾ ಪಡೆದು ಕೋಚ್ ಆದರು. ಇಂಥದೇ ತಪಾಸಣೆಯಿಂದ ಹೊರಬಿದ್ದಿದ್ದ ಒಡಿಶಾದ ಓಟಗಾರ್ತಿ ದ್ಯುತಿ ಚಂದ್ 2015ರಲ್ಲಿ ಕ್ರೀಡಾ ನ್ಯಾಯಮಂಡಳಿಯಲ್ಲಿ ಗೆದ್ದು ಟ್ರ್ಯಾಕ್‌ಗೆ ಮರಳಿದರು. ಶಾಂತಿಯವರ ಬೆಳ್ಳಿ ಮರಳಿಲ್ಲ.