ಅಯ್ಯಾವೊಳೆಯ ಐನೂರ್ವರೂ ಕಡಲಾಚೆಯ ವ್ಯಾಪಾರವಿದ್ಯೆಯೂ

ವಾಣಿಜ್ಯಶಾಸ್ತ್ರವನ್ನು ಅಭ್ಯಸಿಸುವ ತರುಣರು ತಮ್ಮ ಶಿಕ್ಷಣದ ಒಂದು ಭಾಗವನ್ನಾದರೂ ಪರದೇಶದಲ್ಲಿ ಪೂರೈಸಬೇಕೆಂಬ ಅಭಿಪ್ರಾಯವು ಈಗ ವಿದ್ಯಾವಂತರ ಮನೆಗಳಲ್ಲಿ ಬಲವಾಗುತ್ತಲಿರುವದು. ವಿಶ್ವವಿದ್ಯಾಲಯಗಳು ಕಡಲಾಚೆಯ ವಿಶ್ವವಿದ್ಯಾಲಯಗಳೊಡನೆ ಒಪ್ಪಂದ ಮಾಡಿಕೊಳ್ಳುತ್ತವೆ. ಅಲ್ಲಿಯವರು ಇಲ್ಲಿಗೂ ಇಲ್ಲಿಯವರು ಅಲ್ಲಿಗೂ ಹೋಗಿ ಬರುವ ಏರ್ಪಾಡುಗಳಾಗುತ್ತವೆ. ಇದೆಲ್ಲವೂ ಪಾಶ್ಚಾತ್ಯರಿಂದ ನಮಗೆ ಬಂದ ಹೊಸ ಪದ್ಧತಿಯೆಂದು ಹಲವರು ತಿಳಿದಿರುವರು. ಪದವಿಯ ಹೆಸರೂ ಪರೀಕ್ಷೆಯ ಕ್ರಮವೂ ಹೊಸವೆಂಬುದು ನಿಜವೇ. ಆದರೆ ವ್ಯಾಪಾರಿಯು ಕಡಲು ದಾಟಿ, ಪರರ ನೆಲದಲ್ಲಿ ಕಟ್ಟುಪಾಡು ಮಾಡಿಕೊಂಡು, ಅವರ ರೀತಿನೀತಿಗಳನ್ನು ಕಲಿತು ಬಾಳುವ ಸಂಪ್ರದಾಯವು ನಮ್ಮ ಬಾದಾಮಿ ಹುನಗುಂದಗಳ ಸೀಮೆಗೆ ಹೊಸದಲ್ಲ. ಆ ಸಂಪ್ರದಾಯವನ್ನು ನಡೆಯಿಸಿದವರ ಹೆಸರು ಈ ಸೀಮೆಯ ಒಂದು ಹಳ್ಳಿಯ ಹೆಸರೇ ಆಗಿದೆಯೆಂಬುದನ್ನು ವಾಚಕರ ಗಮನಕ್ಕೆ ತರುವದೇ ಈ ಲೇಖನದ ಉದ್ದೇಶವು.

ಚೊಳಚಗುಡ್ಡದ ಬನಶಂಕರಿಯ ಜಾತ್ರೆಯನ್ನು ಕಾಣದವರು ಈ ಭಾಗದಲ್ಲಿ ವಿರಳ. ಬನದ ಹುಣ್ಣಿಮೆಗೆ ತೇರು ಎಳೆದಾದ ಮೇಲೂ ಅನೇಕ ದಿನಗಳವರೆಗೆ ಅಲ್ಲಿ ಸಂತೆಯು ನಿಲ್ಲುವದು. ಕೆತ್ತನೆಯ ಬಾಗಿಲು ಚೌಕಟ್ಟುಗಳು, ಎತ್ತುಗಳು, ಇಲಕಲ್ಲ ಸೀರೆ, ಗುಳೇದಗುಡ್ಡದ ಖಣ, ಇವುಗಳ ಮಾರಾಟ ಒಂದು ಕಡೆ. ನಾಟಕದ ಕಂಪನಿಗಳ ಡೇರೆಗಳು ಇನ್ನೊಂದು ಕಡೆ. ಅಂಗಡಿಯಲ್ಲಿ ತಂದೆಯ ಮಗ್ಗುಲಿಗೆ ಕುಳಿತ ಹುಡುಗನು ಗಿರಾಕಿಯ ಮಾತಿನ ಒಳಹೊರಗನ್ನೂ, ಉದ್ರಿ ಯಾರಿಗೆ ಕೊಡಬಹುದು ಯಾರಿಗೆ ಕೊಡಬಾರದೆಂಬುದನ್ನೂ ಯಾವ ಪಾಠಶಾಲೆಯೂ ಇಲ್ಲದೆ ಕಲಿಯುತ್ತಾನೆ. ಇದು ಊರೊಳಗಿನ ವಿದ್ಯೆ. ಊರು ಬಿಟ್ಟು, ನಾಡು ಬಿಟ್ಟು, ಭಾಷೆಯೇ ತಿಳಿಯದ ದ್ವೀಪಕ್ಕೆ ಹೋದಾಗ ಯಾರನ್ನು ನಂಬಬೇಕು, ಯಾರು ನಮ್ಮನ್ನು ನಂಬುವರು ಎಂಬ ಪ್ರಶ್ನೆಯೇಳುವದು. ಈ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆ ಉತ್ತರ ಕಂಡುಕೊಂಡವರು ಅಯ್ಯಾವೊಳೆಯ ಐನೂರ್ವರು.

ಅಯ್ಯಾವೊಳೆಯೆಂದರೆ ಬಾದಾಮಿಯಿಂದ ಸುಮಾರು ೩೫ ಕಿಲೋಮೀಟರು ದೂರದಲ್ಲಿ ಮಲಪ್ರಭೆಯ ದಡದ ಮೇಲಿರುವ ಐಹೊಳೆ. ಗುಡಿಗಳನ್ನು ನೋಡಲು ಬರುವವರು ಅಲ್ಲಿ ಸಮುದ್ರವನ್ನು ನೆನೆಯಲಾರರು. ನೆನೆಯಲು ಕಾರಣವೂ ಕಾಣದು. ಆದರೂ ಆ ಊರಿನ ಮೇಗುಟಿಯ ಗೋಡೆಯ ಮೇಲೆ ರವಿಕೀರ್ತಿಯು ೬೩೪ರಲ್ಲಿ ಕೆತ್ತಿಸಿದ ಶಾಸನದಲ್ಲಿ, ಇಮ್ಮಡಿ ಪುಲಕೇಶಿಯು ಪಡುವಣ ಕಡಲಿನ ಪುರಿಯನ್ನು ಹಡಗುಗಳಿಂದ ಮುತ್ತಿದ ಸಂಗತಿಯು ಬಂದಿರುವದು. ಪಾರಸಿಕರ ದೊರೆ ಎರಡನೆಯ ಖುಸ್ರೂವಿಗೂ ಪುಲಕೇಶಿಗೂ ರಾಯಭಾರವು ನಡೆದಿದ್ದಿತೆಂದು ತಬರಿಯೆಂಬ ಇತಿಹಾಸಕಾರನು ಬರೆದಿಟ್ಟಿರುವನು. ಒಳನಾಡಿನ ಈ ರಾಜಧಾನಿಯ ಕಣ್ಣು ಕಡಲಿನ ಮೇಲೆ ಇದ್ದಿತೆಂಬುದಕ್ಕೆ ಇಷ್ಟು ಸಾಕು.

ಐಹೊಳೆಯ ಲಾಡಖಾನ ಗುಡಿಯಲ್ಲಿರುವ ಎಂಟು ಒಂಬತ್ತನೆಯ ಶತಮಾನದ ಬರಹದಲ್ಲಿ ಐನೂರ್ವರ ಅತಿ ಹಳೆಯ ಉಲ್ಲೇಖವನ್ನು ವಿದ್ವಾಂಸರು ಕಾಣುವರು. ಆ ಐನೂರು ಮಂದಿ ಮೊದಲು ಊರಿನ ಮಹಾಜನರೋ ವರ್ತಕರೋ ಎಂಬ ವಿಷಯದಲ್ಲಿ ವಿವಾದವುಂಟು. ಆದರೆ ಹತ್ತನೆಯ ಶತಮಾನದಿಂದೀಚೆಗೆ ಸಂದೇಹಕ್ಕೆ ಆಸ್ಪದವಿಲ್ಲ. ಕನ್ನಡ, ತೆಲುಗು, ತಮಿಳು ನಾಡುಗಳ ನೂರಾರು ಶಾಸನಗಳಲ್ಲಿ ಐನೂರ್ವರು ವರ್ತಕರ ಮಹಾಸಂಘವಾಗಿ ಕಾಣಿಸಿಕೊಳ್ಳುತ್ತಾರೆ. ತಮ್ಮ ನಡೆವಳಿಕೆಯನ್ನು ಅವರು ವೀರಬಣಂಜು ಧರ್ಮವೆಂದು ಕರೆದುಕೊಂಡರು. ನಮ್ಮ ಜಿಲ್ಲೆಯಲ್ಲಿ ಇಂದಿಗೂ ಉಳಿದಿರುವ ಬಣಜಿಗ ಎಂಬ ಮಾತು ಆ ಧರ್ಮದ ಹೆಸರಿನ ಬಂಧುವೇ ಸರಿ. ತಮಿಳು ಶಾಸನಗಳಲ್ಲಿ ಅವರು ತಮ್ಮನ್ನು ಐಹೊಳೆಯ ಪರಮೇಶ್ವರಿಯ ಮಕ್ಕಳೆಂದು ಹೇಳಿಕೊಂಡಿರುವರು. ಆ ಪರಮೇಶ್ವರಿಯೇ ನಮ್ಮ ಬನಶಂಕರಿಯೆಂದು ಹೇಳಲು ಅಭಿಮಾನಿಗಳಿಗೆ ಮನಸ್ಸಾಗುವದು ಸಹಜ. ಆದರೆ ಶಾಸನವು ಅಷ್ಟು ದೂರ ನಮ್ಮನ್ನು ಕರೆದೊಯ್ಯುವದಿಲ್ಲ. ಅಭಿಮಾನವು ಶಾಸನಕ್ಕಿಂತ ಒಂದು ಹೆಜ್ಜೆ ಹಿಂದಿರುವದೇ ಲೇಸು.

ಈ ಸಂಘಕ್ಕೆ ಶಾಸನಗಳಲ್ಲಿ ಬರುವ ಇನ್ನೊಂದು ಹೆಸರು ಸಮಯ. ಇಂದು ನಾವು ಸಮಯವೆಂದರೆ ಗಡಿಯಾರದ ಹೊತ್ತೆಂದು ತಿಳಿಯುತ್ತೇವೆ. ಅದರ ಹಳೆಯ ಅರ್ಥವು ಕೂಡಿಬರುವದು, ಕೂಡಿ ಮಾಡಿಕೊಂಡ ಒಪ್ಪಂದ, ಮೀರಬಾರದ ಕಟ್ಟಳೆ. ವರ್ತಕರು ತಮ್ಮ ಸಂಘವನ್ನು ಸಂಪತ್ತಿನ ಹೆಸರಿನಿಂದಾಗಲಿ ಜಾತಿಯ ಹೆಸರಿನಿಂದಾಗಲಿ ಕರೆಯದೆ ಒಪ್ಪಂದವೆಂಬ ಹೆಸರಿನಿಂದ ಕರೆದುದು ಗಮನಿಸತಕ್ಕ ಮಾತು. ಸಮಯಕ್ಕೆ ಸೇರಿದವನು ಯಾವ ಊರಿನವನಾದರೂ ಆ ಕಟ್ಟಳೆಗೆ ಒಳಪಟ್ಟವನು. ಆದುದರಿಂದಲೇ ಗುರುತಿಲ್ಲದವನಾದರೂ ನಂಬಿಕೆಗೆ ತಕ್ಕವನು. ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ಅವರಲ್ಲಿಯೇ ಪಂಗಡಗಳಿದ್ದುವು. ಪರದೇಶಿಯೆಂಬುದು ಇಂದು ದಿಕ್ಕಿಲ್ಲದವನ ಹೆಸರಾಗಿದೆ. ಅಂದು ಅದು ಸಂಘದೊಳಗೆ ಸ್ಥಾನವುಳ್ಳವನ ಹೆಸರಾಗಿದ್ದಿತು.

ಇವರ ಸಂಚಾರದ ವಿಸ್ತಾರವನ್ನು ತಿಳಿಯಬೇಕಾದರೆ ಶಿಕಾರಿಪುರ ತಾಲೂಕಿನ ೧೦೫೪ರ ಶಾಸನವೊಂದನ್ನು ನೋಡಬೇಕು. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ನೇಪಾಳ, ಪಾರಸ ಮೊದಲಾದ ದೇಶಗಳನ್ನು ಹೆಸರಿಸಿ, ನೆಲದ ದಾರಿಯಿಂದಲೂ ನೀರಿನ ದಾರಿಯಿಂದಲೂ ಈ ವರ್ತಕರು ಹೋಗುವರೆಂದು ಅಲ್ಲಿ ವರ್ಣಿಸಿದೆ. ಆನೆ ಕುದುರೆಗಳೂ, ಮುತ್ತು ಮಾಣಿಕ್ಯ ಹವಳಗಳೂ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳೂ ಅವರ ಸರಕುಗಳು. ಸಗಟಾಗಿ ಮಾರುವವರೂ ಹೆಗಲ ಮೇಲೆ ಹೊತ್ತು ಮಾರುವವರೂ ಒಂದೇ ಸಂಘದಲ್ಲಿ ಸೇರಿದ್ದರು. ಪ್ರಶಸ್ತಿಯ ಭಾಷೆಯಲ್ಲಿ ಅತಿಶಯೋಕ್ತಿಯಿರುವದು ಸಹಜವೇ. ಆರು ಖಂಡಗಳನ್ನೂ ಹೊಕ್ಕರೆಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಕಡಲಾಚೆಯಲ್ಲಿ ದೊರೆತ ಕಲ್ಲುಗಳು ಈ ಹೊಗಳಿಕೆಯ ಬಹುಭಾಗವನ್ನು ಸ್ಥಿರಪಡಿಸುತ್ತವೆ.

ಅವುಗಳಲ್ಲಿ ಮುಖ್ಯವಾದುದು ಸುಮಾತ್ರದ ಪಶ್ಚಿಮ ತೀರದಲ್ಲಿ, ಬಾರುಸಿನ ಹತ್ತಿರ ಲೋಬು ತುವಾ ಎಂಬಲ್ಲಿ ೧೮೭೩ರಲ್ಲಿ ಬೆಳಕಿಗೆ ಬಂದ ಶಾಸನವು. ಕರ್ಪೂರಕ್ಕೆ ಬಾರುಸು ಆ ಕಾಲದಲ್ಲಿ ಲೋಕಪ್ರಸಿದ್ಧವಾದ ಬಂದರ. ಶಾಸನದ ಕಾಲವು ಶಕ ೧೦೧೦, ಅಂದರೆ ೧೦೮೮ನೆಯ ಇಸವಿ. ನೀಲಕಂಠ ಶಾಸ್ತ್ರಿಗಳು ೧೯೩೨ರಲ್ಲಿ ಇದನ್ನು ಕುರಿತು ಬರೆದ ಲೇಖನದಿಂದ ವಿದ್ವಾಂಸರ ಲಕ್ಷ್ಯವು ಇತ್ತ ತಿರುಗಿತು. ಮುಂದೆ ಸುಬ್ಬರಾಯಲು ಅವರು ಅದನ್ನು ಮತ್ತೆ ಓದಿ ಪಾಠವನ್ನು ತಿದ್ದಿದರು. ಕಳೆದ ಶತಮಾನದ ಕೊನೆಯಲ್ಲಿ ಅಲ್ಲಿ ನಡೆದ ಉತ್ಖನನದಿಂದ, ಆ ನೆಲೆಯು ಒಂಬತ್ತನೆಯ ಶತಮಾನದ ನಡುವಿನಿಂದ ಹನ್ನೊಂದನೆಯ ಶತಮಾನದ ಕೊನೆಯವರೆಗೆ ಬಾಳಿದ್ದಿತೆಂದು ತಿಳಿದುಬಂದಿದೆ.

ಆ ಕಲ್ಲಿನಲ್ಲಿರುವ ವಿಷಯವು ಬಹಳ ವ್ಯಾವಹಾರಿಕವಾದದ್ದು. ಸಾವಿರ ದಿಕ್ಕುಗಳ ಐನೂರ್ವರು ಆ ಬಂದರದಲ್ಲಿ ಸಭೆ ಕೂಡಿದರು. ಕೂಡಿ, ತಮ್ಮ ಮಕ್ಕಳೆಂದು ಕರೆದ ಕೆಲವರಿಗೆ ಒಂದು ಹಕ್ಕನ್ನು ಗೊತ್ತುಮಾಡಿಕೊಟ್ಟರು. ಬಂದ ಹಡಗಿನ ನಾಯಕನೂ ಅದರ ಜನರೂ ಕಸ್ತೂರಿಯ ಬೆಲೆಗೆ ಅನುಸಾರವಾಗಿ ಬಂಗಾರದಲ್ಲಿ ಒಂದು ಶುಲ್ಕವನ್ನು ಸಲ್ಲಿಸಬೇಕು. ಸಲ್ಲಿಸಿದ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕು. ಮಕ್ಕಳೆಂದರೆ ಇಲ್ಲಿ ಹೆತ್ತ ಮಕ್ಕಳಲ್ಲ. ಸಂಘದ ಕೆಲಸಕ್ಕೆ ನಿಂತ ಆಳುಗಳು, ಕಾವಲುಗಾರರು ಎಂದು ತಿಳಿದವರು ಹೇಳುವರು. ಆದರೂ ಊರಿಂದ ಅಷ್ಟು ದೂರದಲ್ಲಿ ದುಡಿಯುವವರನ್ನು ಸಂಘವು ಆ ಹೆಸರಿನಿಂದ ಕರೆದುದು ಮನಸ್ಸಿಗೆ ತಟ್ಟುವ ಮಾತಲ್ಲವೆ?

ಈ ಶಾಸನವು ಕನ್ನಡದಲ್ಲಿಲ್ಲ, ತಮಿಳಿನಲ್ಲಿದೆ. ಬಾರುಸಿನಲ್ಲಿ ಆ ಕಲ್ಲನ್ನು ನಿಲ್ಲಿಸಿದವರು ಮಲಪ್ರಭೆಯ ನೀರು ಕುಡಿದವರೆಂದು ಹೇಳುವದು ಸಾಹಸವಾದೀತು. ಚೋಳರ ಕಾಲದಲ್ಲಿ ಪೂರ್ವಸಮುದ್ರದ ವ್ಯಾಪಾರವು ತಮಿಳು ಬಂದರಗಳಿಂದಲೇ ನಡೆಯುತ್ತಿದ್ದಿತು. ಐನೂರ್ವರ ಸಂಘವು ತಮಿಳುನಾಡಿನಲ್ಲಿ ಬೆಳೆದು ಅಲ್ಲಿಯ ಭಾಷೆಯಲ್ಲಿಯೇ ತನ್ನ ವ್ಯವಹಾರವನ್ನು ನಡೆಯಿಸಿತು. ಕನ್ನಡ ನಾಡಿನ ಹಳ್ಳಿಯೊಂದರ ಹೆಸರಿನಿಂದ ಪ್ರಸಿದ್ಧವಾದ ಸಂಘವು ತಮಿಳು ಮಾತನಾಡುತ್ತ ಮಲಯರ ದ್ವೀಪದಲ್ಲಿ ಚೀನ ಅರಬ್ಬ ದೇಶಗಳವರೊಡನೆ ವ್ಯವಹರಿಸಿದುದನ್ನು ಕೆಲವರು ಕನ್ನಡದ ಹಿನ್ನಡೆಯೆಂದೆಣಿಸಬಹುದು. ನಮಗೆ ಹಾಗೆ ತೋರುವದಿಲ್ಲ. ಎಲ್ಲಿಗೆ ಹೋದರೂ ಅಲ್ಲಿಯ ಮಾತನ್ನು ಕಲಿಯುವದೇ ವ್ಯಾಪಾರವಿದ್ಯೆಯ ಮೊದಲನೆಯ ಪಾಠ. ಅದನ್ನು ಅವರು ಚೆನ್ನಾಗಿ ಕಲಿತಿದ್ದರು. ಭಾಷೆ ಬದಲಾಯಿತು, ಸಮಯವು ಬದಲಾಗಲಿಲ್ಲ.

ಇನ್ನೆರಡು ನಿದರ್ಶನಗಳನ್ನು ಸಂಕ್ಷೇಪವಾಗಿ ಹೇಳುವೆವು. ಬರ್ಮಾ ದೇಶದ ಪಗಾನದಲ್ಲಿ ನಾನಾದೇಶಿಗಳ ಹೆಸರಿನ ಒಂದು ವಿಷ್ಣುಗುಡಿಯಿದ್ದಿತು. ಹದಿಮೂರನೆಯ ಶತಮಾನದಲ್ಲಿ ಮಲೆಯಾಳದ ಕೊಡುಂಗಲ್ಲೂರಿನ ವರ್ತಕನೊಬ್ಬನು ಅದಕ್ಕೆ ಮಂಟಪವನ್ನು ಕಟ್ಟಿಸಿ ದೀಪವನ್ನು ಕೊಟ್ಟನು. ಬೌದ್ಧರ ರಾಜಧಾನಿಯಲ್ಲಿ ವೈಷ್ಣವ ಗುಡಿ. ಅದರ ಒಡೆಯರು ನಾನಾ ದೇಶದವರು. ದಾನ ಕೊಟ್ಟವನು ಪಡುವಣ ಕರಾವಳಿಯವನು! ಸಿಂಹಳದ್ವೀಪದ ಪದವಿಯ, ವಾಹಲ್ಕಡ ಮೊದಲಾದ ಸ್ಥಳಗಳಲ್ಲಿಯೂ ಐನೂರ್ವರ ಶಾಸನಗಳು ದೊರೆತಿವೆ.

ಇವುಗಳಲ್ಲಿ ಎಲ್ಲಿಯೂ ಪಾಠಶಾಲೆಯ ಮಾತಿಲ್ಲ. ಆದರೆ ಕಸ್ತೂರಿಯ ಬೆಲೆಯನ್ನು ಬಂಗಾರಕ್ಕೆ ಹೊಂದಿಸಿ ಶುಲ್ಕವನ್ನು ಎಣಿಸುವವನು ಎರಡು ಮಾರುಕಟ್ಟೆಗಳ ಧಾರಣೆಯನ್ನು ಬಲ್ಲವನಾಗಿರಬೇಕು. ತೂಕ, ನಾಣ್ಯ, ಹಡಗಿನವರ ಪದ್ಧತಿ, ಆ ನೆಲದ ಅರಸನ ಕಟ್ಟಳೆ, ಇವೆಲ್ಲವನ್ನೂ ಅರಿತವನಾಗಿರಬೇಕು. ಇಂಥ ಅರಿವು ಊರಿನಲ್ಲಿ ಕುಳಿತವನಿಗೆ ಬಾರದು. ಸಂಘವು ತರುಣನನ್ನು ಕಡಲಾಚೆಗೆ ಕಳುಹಿದಾಗ ಅವನಿಗೆ ಅಲ್ಲಿ ನೆಲೆಯೂ, ಕಾವಲೂ, ಗುರುತಿನವರೂ ಮೊದಲೇ ಸಿದ್ಧವಾಗಿರುತ್ತಿದ್ದರು. ಇದರ ಖರ್ಚನ್ನು ಹೊತ್ತವರಾರು? ವರ್ತಕರೇ. ತಮ್ಮ ಸರಕಿನ ಹೇರಿಗಿಷ್ಟು, ಬಂಡಿಗಿಷ್ಟು ಎಂದು ತಾವೇ ತಮ್ಮ ಮೇಲೆ ತೆರಿಗೆ ಹಾಕಿಕೊಂಡು ಗುಡಿ ಮಠಗಳಿಗೂ ಕೆರೆಗಳಿಗೂ ಕೊಡುವ ವಾಡಿಕೆಯು ಅವರ ಕನ್ನಡ ಶಾಸನಗಳಲ್ಲಿ ಮೇಲಿಂದ ಮೇಲೆ ಕಾಣುವದು. ಬಾರುಸಿನ ಶುಲ್ಕವು ಇದೇ ವಾಡಿಕೆಯ ಕಡಲಾಚೆಯ ರೂಪವು.

ವಿಜಯನಗರದ ಕಾಲಕ್ಕೆ ಐನೂರ್ವರ ಹೆಸರು ಶಾಸನಗಳಲ್ಲಿ ಕ್ಷೀಣಿಸುತ್ತ ಬಂದಿತು. ಆ ಮೇಲಿನ ಕಥೆಯನ್ನು ಬೆಳೆಸಬೇಕಾಗಿಲ್ಲ. ಕಡಲು ಪರರ ಕೈಸೇರಿತು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಬಿಜಾಪುರ ಜಿಲ್ಲೆಯ ಹುಡುಗನು ವಾಣಿಜ್ಯದ ಪದವಿಯನ್ನು ಬಯಸಿದರೆ ೧೯೧೩ರಲ್ಲಿ ಸ್ಥಾಪಿತವಾದ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನತ್ತ ನೋಡಬೇಕಾಗಿದ್ದಿತು. ಬಾಗಲಕೋಟೆಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ೧೯೦೬ರಲ್ಲಿಯೇ ಹುಟ್ಟಿದ್ದರೂ ಉಚ್ಚ ಶಿಕ್ಷಣಕ್ಕೆ ಊರು ಬಿಡುವದು ತಪ್ಪುತ್ತಿರಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಕಾಯಿದೆಯಿಂದ ಸ್ಥಾಪಿತವಾದ ಮೇಲೆ ದಾರಿಯು ಹತ್ತಿರವಾಯಿತು. ಪರದೇಶದ ಶಿಕ್ಷಣಕ್ಕೆ ಜಮಶೇಟಜಿ ತಾತಾ ಅವರು ೧೮೯೨ರಲ್ಲಿ ನಿಧಿಯೊಂದನ್ನು ಏರ್ಪಡಿಸಿದ್ದರು. ವಿಶ್ವೇಶ್ವರಯ್ಯನವರು ೧೮೯೮ರಲ್ಲಿ ಜಪಾನಕ್ಕೆ ಹೋಗಿ ಬಂದರು. ಅವರು ದಿವಾಣರಾಗಿದ್ದಾಗ ಮೈಸೂರಿನಲ್ಲಿ ೧೯೧೩ರಲ್ಲಿ ಬ್ಯಾಂಕೂ, ೧೯೧೬ರಲ್ಲಿ ವಿಶ್ವವಿದ್ಯಾಲಯವೂ ವಾಣಿಜ್ಯ ಮಂಡಲವೂ ಸ್ಥಾಪಿತವಾದುದು ಪ್ರಸಿದ್ಧವಾಗಿದೆ. ಆದರೆ ಆ ಕಾಲದ ಪ್ರವಾಸವು ಬಹುಮಟ್ಟಿಗೆ ಒಂದೇ ಕಡೆಗಿನದು. ನಾವು ಹೋಗಿ ಕಲಿಯುತ್ತಿದ್ದೆವು. ನಮ್ಮಲ್ಲಿ ಬಂದು ವಾಣಿಜ್ಯವನ್ನು ಕಲಿಯುವವರು ಇರಲಿಲ್ಲ.

ಸ್ವಾತಂತ್ರ್ಯಾನಂತರ ಅಹಮದಾಬಾದಿನ ವ್ಯವಸ್ಥಾಪನ ಸಂಸ್ಥೆಯು ೧೯೬೧ರಲ್ಲಿ ಹಾರ್ವರ್ಡಿನ ಸಹಕಾರದಿಂದಲೂ, ಕಲಕತ್ತೆಯದು ಅದೇ ವರ್ಷ ಅಮೇರಿಕೆಯ ಮಸಾಚುಸೆಟ್ಸಿನ ತಾಂತ್ರಿಕ ವಿದ್ಯಾಲಯದ ಸಹಕಾರದಿಂದಲೂ ಆರಂಭವಾದವು. ಬೆಂಗಳೂರಿನ ಸಂಸ್ಥೆಯು ೧೯೭೩ರಲ್ಲಿ ಹುಟ್ಟಿತು. ಇಂದು ಅಲ್ಲಿಯ ವಿದ್ಯಾರ್ಥಿಗಳು ಒಂದು ಅವಧಿಯನ್ನು ಪರದೇಶದ ಸಂಸ್ಥೆಯಲ್ಲಿ ಕಳೆಯುವ, ಅಲ್ಲಿಯವರು ಬೆಂಗಳೂರಿಗೆ ಬರುವ ವಿನಿಮಯವು ನಡೆದಿದೆ. ಇದು ಐನೂರ್ವರ ರೀತಿಗೆ ಹತ್ತಿರವಾದದ್ದು. ೨೦೨೨ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಹೊರಡಿಸಿದ ನಿಯಮಗಳಿಂದ ಇತರ ವಿಶ್ವವಿದ್ಯಾಲಯಗಳಿಗೂ ಈ ದಾರಿಯು ತೆರೆಯಿತು. ಜೋಡಿ ಶಿಕ್ಷಣಕ್ರಮದಲ್ಲಿ ಪರದೇಶದಲ್ಲಿ ಗಳಿಸುವ ಭಾಗವು ನೂರಕ್ಕೆ ೩೦ನ್ನು ಮೀರಬಾರದು. ಇಬ್ಬರೂ ಸೇರಿ ಕೊಡುವ ಜಂಟಿ ಪದವಿಯಲ್ಲಿ ಒಬ್ಬೊಬ್ಬರ ಬಳಿಯಲ್ಲಿಯೂ ನೂರಕ್ಕೆ ೩೦ಕ್ಕಾದರೂ ಕಡಿಮೆಯಾಗದಂತೆ ಕಲಿಯಬೇಕು. ಪೂರ್ವಾನುಮತಿಯಿಲ್ಲದೆ ಒಪ್ಪಂದ ಮಾಡಿಕೊಳ್ಳಬೇಕಾದರೆ ನಮ್ಮ ಸಂಸ್ಥೆಗೆ ಮೌಲ್ಯಮಾಪನದಲ್ಲಿ ೪ಕ್ಕೆ ೩.೦೧ರ ಅಂಕವಾಗಲಿ, ದೇಶದ ಮೊದಲ ನೂರು ವಿಶ್ವವಿದ್ಯಾಲಯಗಳಲ್ಲಿ ಸ್ಥಾನವಾಗಲಿ, ಶ್ರೇಷ್ಠ ಸಂಸ್ಥೆಯೆಂಬ ಮಾನ್ಯತೆಯಾಗಲಿ ಇರಬೇಕು. ಪರದೇಶದ ಸಂಸ್ಥೆಯು ಜಗತ್ತಿನ ಮೊದಲ ಸಾವಿರದಲ್ಲಿರಬೇಕು.

ನಿಯಮಗಳು ಪಕ್ಷಪಾತವಿಲ್ಲದವು, ಒಪ್ಪುವೆವು. ಆದರೆ ಅವು ಒಪ್ಪಂದದ ಅಳತೆಯನ್ನು ಹೇಳುತ್ತವೆಯೇ ಹೊರತು ವಿಮಾನದ ಬಾಡಿಗೆಯನ್ನು ಯಾರು ಕೊಡಬೇಕೆಂಬುದನ್ನು ಹೇಳುವದಿಲ್ಲ. ಇಲಕಲ್ಲಿನ ನೇಕಾರರ ಮನೆಯ ಹುಡುಗಿಯು ವಾಣಿಜ್ಯದಲ್ಲಿ ಎಷ್ಟೇ ಚೆನ್ನಾಗಿ ತೇರ್ಗಡೆಯಾದರೂ, ಒಂದು ಅವಧಿಯ ಪರದೇಶವಾಸದ ಖರ್ಚನ್ನು ಕೇಳಿ ತಂದೆಯು ಸುಮ್ಮನಾಗುವನು. ನಾಡಿನ ದೊಡ್ಡ ನಗರಗಳ ಅನುಕೂಲವಂತರ ಮಕ್ಕಳು ಮಾತ್ರ ಹೋಗಿ ಬರುವಂತಾದರೆ ಆ ವಿನಿಮಯವು ಎರಡು ಸಂಸ್ಥೆಗಳ ನಡುವಿನದಾಗಬಹುದೇ ಹೊರತು ಎರಡು ನಾಡುಗಳ ನಡುವಿನದಾಗದು. ಐನೂರ್ವರಲ್ಲಿ ಹೆಗಲ ಮೇಲೆ ಹೊತ್ತು ಮಾರುವವನಿಗೂ ಸ್ಥಾನವಿದ್ದುದನ್ನು ಇಲ್ಲಿ ನೆನೆಯಬೇಕು. ಬಾಗಲಕೋಟೆ, ಇಲಕಲ್ಲ, ಗುಳೇದಗುಡ್ಡಗಳ ವರ್ತಕ ಮಂಡಲಿಗಳು ಸರಕಿನ ಹೇರಿಗೆ ಇಂತಿಷ್ಟೆಂದು ಕೂಡಿಹಾಕಿ ವರ್ಷಕ್ಕೆ ಇಬ್ಬರನ್ನಾದರೂ ಕಳುಹಲು ಮನಸ್ಸು ಮಾಡಿದರೆ, ಅದಕ್ಕೆ ಹೊಸ ಕಾಯಿದೆಯೇನೂ ಬೇಕಾಗದು. ಸಮಯದ ಹಳೆಯ ಕಟ್ಟಳೆಯೇ ಸಾಲುವದು.

ಹಾಗೆ ಹೋದವರು ಜಾವಾ ದ್ವೀಪದ ಮಾರ್ಗವಾಗಿ ಹೋಗುವದಾದರೆ ಜಕಾರ್ತದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡತಕ್ಕದ್ದು. ಬಾರುಸಿನ ಆ ಕಲ್ಲು ಈಗ ಅಲ್ಲಿರುವದು.