ವಾಪಸ್ ಬರುವವರ ಲಸಿಕೆ

ಕೀನ್ಯಾಕ್ಕೆ ಹೊರಟವರು ಹಳದಿ ಜ್ವರದ ಲಸಿಕೆಗೆ ಬಂದಾಗ ಹೆಚ್ಚಿನವರು ತಿಳಿದುಕೊಂಡಿದ್ದು ಒಂದೇ: ಇದು ಆ ದೇಶದ ಕಾನೂನು, ಅಲ್ಲಿ ಇಳಿದಾಗ ಕೇಳುತ್ತಾರೆ, ತೋರಿಸಬೇಕು. ನಿಜ ಹೇಳಬೇಕೆಂದರೆ ಭಾರತದಿಂದ ನೇರವಾಗಿ ಹೋಗುವವರ ಮೇಲೆ ಕೀನ್ಯಾಕ್ಕೆ ಅಂಥ ಅನುಮಾನವೇನಿಲ್ಲ, ಏಕೆಂದರೆ ಆ ಜ್ವರ ನಮ್ಮಲ್ಲಿ ಇಲ್ಲವೇ ಇಲ್ಲ. ಲಸಿಕೆ ಹಾಕಿಸಿದ ಕಾರ್ಡು ಕೇಳುವವರು ನಮ್ಮವರೇ. ಪ್ರವಾಸ ಮುಗಿಸಿ ಬೆಂಗಳೂರಲ್ಲೋ ಮುಂಬೈಯಲ್ಲೋ ಬಂದಿಳಿದಾಗ.

ಈ ಲಸಿಕೆ ಹಾಕುವ ಕೇಂದ್ರವೊಂದರಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಈ ಲಸಿಕೆ ಬರುವುದು ಒಣಪುಡಿಯಾಗಿ, ಐದೋ ಹತ್ತೋ ಜನಕ್ಕಾಗುವ ಪುಟ್ಟ ವಯಲ್‌ನಲ್ಲಿ. ಸಲೈನ್ ಹಾಕಿ ಕಲಸಿದ ಮೇಲೆ ಅದರ ಆಯುಷ್ಯ ಗಂಟೆಗಳ ಲೆಕ್ಕ. ಹಾಗಾಗಿ ಒಬ್ಬರಿಗೋಸ್ಕರ ವಯಲ್ ಒಡೆಯುವಂತಿಲ್ಲ. ವಾರದಲ್ಲಿ ಗೊತ್ತುಮಾಡಿದ ದಿನ, ಅಷ್ಟು ಜನ ಕೂಡಿದ ಮೇಲೆಯೇ ಕೆಲಸ ಶುರು. ತೋಳಿನ ಚರ್ಮದಡಿಗೆ ಅರ್ಧ ಎಂಎಲ್, ಆಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರಬೇಕು. ಚುಚ್ಚುವ ಮುಂಚೆ ಮೊಟ್ಟೆಯ ಅಲರ್ಜಿ ಇದೆಯೇ ಎಂದು ಕೇಳಲೇಬೇಕು, ಏಕೆಂದರೆ ಲಸಿಕೆಯ ವೈರಸ್ಸನ್ನು ಬೆಳೆಸುವುದು ಮೊಟ್ಟೆಯೊಳಗಿನ ಕೋಳಿ ಭ್ರೂಣದಲ್ಲಿ. "ನಾವು ಮೊಟ್ಟೇನೇ ಮುಟ್ಟಲ್ಲ ಸಿಸ್ಟರ್" ಎಂದು ಹೆಮ್ಮೆಯಿಂದ ಹೇಳುವವರನ್ನು "ಬೇಕರಿ ಕೇಕು?" ಎಂದು ಕೇಳಿದರೆ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡುತ್ತಿದ್ದರು.

ಇನ್ನೊಂದು ಜಾತಿಯವರು ಟಿಕೆಟ್ ಹಿಡಿದುಕೊಂಡೇ ಬರುವವರು. "ಸಿಸ್ಟರ್, ನಾಡಿದ್ದು ಫ್ಲೈಟು. ಇವತ್ತೇ ಹಾಕ್ಬಿಡಿ."

"ಹಾಕೋದೇನೋ ಹಾಕ್ತೀವಿ ಸಾರ್. ಆದ್ರೆ ಹತ್ತು ದಿನ ಆಗೋವರೆಗೂ ಈ ಕಾರ್ಡು ಲೆಕ್ಕಕ್ಕಿಲ್ಲ."

"ಏನಾದ್ರೂ ಒಂಚೂರು ಹಿಂದಿನ ತಾರೀಖು..."

ಆ ಮಾತಿಗೆ ನಾನು ಉತ್ತರ ಕೊಡುತ್ತಿರಲಿಲ್ಲ, ಮುಂದಿನವರನ್ನು ಕರೆಯುತ್ತಿದ್ದೆ.

ಇಷ್ಟು ಬಿಗಿ ಯಾಕೆ ಎಂದು ಗೊಣಗುವವರಿಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ. ನೂರು ವರ್ಷ ಈ ಬಿಗಿಯೆಲ್ಲ ಇದ್ದದ್ದು ನಮ್ಮ ಮೇಲೆ. 1865ರಲ್ಲಿ ಮೆಕ್ಕಾದಲ್ಲಿ ಕಾಲರಾ ಎದ್ದು ಸಾವಿರಾರು ಹಜ್ ಯಾತ್ರಿಕರು ಸತ್ತರು. ಅಲ್ಲಿಂದ ಅದು ಈಜಿಪ್ಟಿಗೂ ಯುರೋಪಿಗೂ ಹಬ್ಬಿತು. ಮರುವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೇಶದೇಶಗಳ ಪ್ರತಿನಿಧಿಗಳು ಕೂತು, ಈ ರೋಗದ ತವರು ಹಿಂದೂಸ್ಥಾನ, ಅಲ್ಲಿಂದ ಬರುವ ಹಡಗುಗಳ ಮೇಲೆ ಕಣ್ಣಿಡಬೇಕು ಎಂದು ತೀರ್ಮಾನಿಸಿದರು. ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ 1882ರಲ್ಲಿ ತುರ್ಕರು ಕ್ವಾರಂಟೈನ್ ಠಾಣೆ ತೆರೆದರು. ಇಲ್ಲಿಂದ ಹಜ್‌ಗೆ ಹೊರಟ ಹಡಗುಗಳೆಲ್ಲ ಅಲ್ಲಿ ನಿಲ್ಲಬೇಕು, ಯಾತ್ರಿಕರು ಇಳಿಯಬೇಕು, ಬಟ್ಟೆಬರೆ ಹಬೆಯಲ್ಲಿ ಬೇಯಬೇಕು, ದಿನಗಟ್ಟಲೆ ಮರಳಿನಲ್ಲಿ ಕಾಯಬೇಕು. ಅದರ ಖರ್ಚಿಗೆಂದು ಶುಲ್ಕ ತೆರಬೇಕಾದವರೂ ಯಾತ್ರಿಕರೇ.

ಎಲ್ಲವೂ ರೋಗದ ಭಯದಿಂದಲೇ ನಡೆದದ್ದು ಎಂದೂ ಹೇಳುವಂತಿಲ್ಲ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಅದೇ ವರ್ಷ ಡಿಸೆಂಬರ್ 18ರಂದು ಕೋರ್ಲೆಂಡ್, ನಾದರಿ ಎಂಬ ಎರಡು ಹಡಗುಗಳು ಸುಮಾರು 800 ಪ್ರಯಾಣಿಕರನ್ನು ಹೊತ್ತು ದಕ್ಷಿಣ ಆಫ್ರಿಕಾದ ಡರ್ಬನ್ ಮುಟ್ಟಿದವು. ಕೋರ್ಲೆಂಡಿನಲ್ಲಿ ಹೆಂಡತಿ ಮಕ್ಕಳೊಡನೆ ಗಾಂಧೀಜಿ ಇದ್ದರು. ಪ್ಲೇಗಿನ ಹೆಸರಿನಲ್ಲಿ ಹಡಗುಗಳನ್ನು ಬಂದರಿನ ಹೊರಗೇ ತಡೆದರು. ಗಡುವು ಮುಗಿದರೂ ಬಿಡಲಿಲ್ಲ, ಮತ್ತೆ ಮುಂದೂಡಿದರು. ಭಾರತೀಯರು ಇಳಿಯಕೂಡದೆಂದು ಊರಿನ ಬಿಳಿಯರು ಸಭೆ ಸೇರಿ ಕೂಗಾಡುತ್ತಿದ್ದರು, ಕ್ವಾರಂಟೈನ್ ಅವರಿಗೆ ಸಿಕ್ಕ ಒಳ್ಳೆಯ ನೆಪ. ಕೊನೆಗೆ ಇಳಿಯಲು ಬಿಟ್ಟದ್ದು ಜನವರಿ 13ಕ್ಕೆ. ಅವತ್ತೇ ಗುಂಪು ಗಾಂಧೀಜಿಯ ಮೇಲೆ ಬಿತ್ತು. ಅದಕ್ಕೆ ಮೂರು ದಿನ ಮೊದಲು, ಜನವರಿ 10ರಂದು, ಬೊಂಬಾಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ತಾವೇ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಹಡಗಿನಲ್ಲಿ ಕೂತವರಿಗೆ ಅದು ಗೊತ್ತಾಗುವ ಬಗೆಯೇ ಇರಲಿಲ್ಲ. ಆ ವರ್ಷ ಬ್ರಿಟಿಷ್ ಸರ್ಕಾರ ಹಜ್ ಯಾತ್ರೆಯನ್ನೇ ನಿಲ್ಲಿಸಿತು. 1898ರ ಆಗಸ್ಟಿನಲ್ಲಿ ಪ್ಲೇಗ್ ರೈಲು ಹತ್ತಿ ಬೆಂಗಳೂರಿಗೂ ಬಂತು. ಆ ಕಥೆ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳವರಿಗೆ ನಾನು ಹೇಳಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಎಲ್ಲ ದೇಶಗಳಿಗೂ ಸೇರಿ ಒಂದೇ ನಿಯಮಾವಳಿ ಮಾಡಿತು. ಅದರಂತೆ ಸಿಡುಬು ಲಸಿಕೆಯ ಸರ್ಟಿಫಿಕೇಟಿಗೆ ಮೂರು ವರ್ಷದ ಅವಧಿ, ಕಾಲರಾದ್ದಕ್ಕೆ ಆರೇ ತಿಂಗಳು. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್‌ಗಳು ಆ ಕಾಲ ಕಂಡವರು. ಕಾಲರಾ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ತೋಳು ಊದಿ, ರಾತ್ರಿಯೆಲ್ಲ ಮೈ ಕಾದು, ವಿದೇಶದ ಆಸೆಯೇ ಬತ್ತಿಹೋಗುತ್ತಿತ್ತಂತೆ. ಅಷ್ಟು ಪಾಡುಪಟ್ಟರೂ ಆ ಲಸಿಕೆ ಗಡಿ ದಾಟುವ ಕಾಲರಾವನ್ನು ತಡೆಯುತ್ತಿರಲಿಲ್ಲ, ರೋಗಾಣು ಹೊಟ್ಟೆಯಲ್ಲಿಟ್ಟುಕೊಂಡು ಆರೋಗ್ಯವಾಗಿಯೇ ತಿರುಗಾಡುವವರು ಬೇಕಾದಷ್ಟು. 1973ರಲ್ಲಿ ಆ ಸರ್ಟಿಫಿಕೇಟನ್ನು ನಿಯಮದಿಂದ ತೆಗೆದರು. ಸಿಡುಬು ಭೂಮಿಯಿಂದಲೇ ಹೋದ ಮೇಲೆ 1981ರಲ್ಲಿ ಅದರ ಸರ್ಟಿಫಿಕೇಟೂ ಹೋಯಿತು. ಉಳಿದದ್ದು ಹಳದಿ ಜ್ವರ ಒಂದೇ.

ಅದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ರೋಗ. ಹರಡುವುದು ಈಡಿಸ್ ಈಜಿಪ್ಟೈ ಸೊಳ್ಳೆ, ನಮ್ಮ ಮನೆಯ ತೊಟ್ಟಿಯಲ್ಲಿ, ಟೈರಿನಲ್ಲಿ ಹುಟ್ಟಿ ಡೆಂಗಿ ತರುವುದೂ ಅದೇ. ಸೊಳ್ಳೆ ಇದೆ, ಮಂಗಗಳಿವೆ, ಕೋಟಿಗಟ್ಟಲೆ ಜನರಿದ್ದಾರೆ, ವೈರಸ್ ಮಾತ್ರ ಬಂದಿಲ್ಲ. ಪನಾಮಾ ಕಾಲುವೆ ತೆರೆದದ್ದು 1914ರಲ್ಲಿ. ಅದಕ್ಕೆ ಮುಂಚೆಯೇ ಇಂಡಿಯನ್ ಮೆಡಿಕಲ್ ಸರ್ವಿಸಿನ ಎಸ್.ಪಿ. ಜೇಮ್ಸ್ ಎಂಬ ಅಧಿಕಾರಿಯನ್ನು ಸರ್ಕಾರ ಆ ಕಡೆಯ ಬಂದರುಗಳಿಗೆ ಕಳಿಸಿತ್ತು: ಹೊಸ ದಾರಿಯಲ್ಲಿ ಈ ಜ್ವರ ಹಡಗು ಹತ್ತಿ ಏಷ್ಯಾಕ್ಕೆ ಬಂದೀತೇ? ಹಡಗಿಗಿಂತ ದೊಡ್ಡ ಭಯ ಆಮೇಲೆ ವಿಮಾನದ್ದಾಯಿತು. ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನದಲ್ಲಿ ಜ್ವರ ಕಾಣಿಸುತ್ತದೆ. ವಾರಗಟ್ಟಲೆ ತೇಲುವ ಹಡಗಿನಲ್ಲಾದರೆ ರೋಗಿ ದಾರಿಯಲ್ಲೇ ಗೊತ್ತಾಗುತ್ತಾನೆ, ವಿಮಾನದಲ್ಲಿ ಆರೋಗ್ಯವಂತನ ಹಾಗೆ ಕೈಬೀಸಿಕೊಂಡು ಇಳಿಯುತ್ತಾನೆ. ಸ್ವತಂತ್ರ ಭಾರತ 1954ರಲ್ಲಿ ವಿಮಾನಗಳಿಗೆ, 1955ರಲ್ಲಿ ಬಂದರುಗಳಿಗೆ ನಿಯಮ ಮಾಡಿತು. ರೋಗವಿರುವ ದೇಶದಿಂದ ಬಂದವರ ಹತ್ತಿರ ಸರ್ಟಿಫಿಕೇಟ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಸ. ಮಂತ್ರಿಯೋ ಮಠದವರೋ, ಸೊಳ್ಳೆ ನೋಡುವುದಿಲ್ಲವಲ್ಲ.

ಲಸಿಕೆ ಅಷ್ಟರಲ್ಲಿ ಸಿದ್ಧವಾಗಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನದ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಥೈಲರ್ 1937ರಲ್ಲಿ ಮಾಡಿದ 17ಡಿ ತಳಿ, ಇವತ್ತಿಗೂ ವಯಲ್‌ನಲ್ಲಿರುವುದು ಅದೇ. 1951ರ ನೊಬೆಲ್ ಅವರಿಗೇ ಬಂತು. ಕಳಂಕ ಇಲ್ಲದ್ದೇನಲ್ಲ: 1942ರಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಲಸಿಕೆಗೆ ಮನುಷ್ಯರ ಸೀರಂ ಬೆರೆಸಿದ್ದರು, ಅದರಲ್ಲಿ ಹೆಪಟೈಟಿಸ್ ಬಿ ಸೇರಿಕೊಂಡು ಸುಮಾರು 50,000 ಮಂದಿ ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಸೀರಂ ಬೆರೆಸುವುದನ್ನು ಬಿಟ್ಟ ಮೇಲೆ ಆ ತೊಂದರೆ ನಿಂತಿತು. ನನ್ನ ಕಾಲದಲ್ಲಿ ನಮಗೆ ಲಸಿಕೆ ಬರುತ್ತಿದ್ದದ್ದು ಹಿಮಾಚಲದ ಕಸೌಲಿಯಿಂದ. ಅಲ್ಲಿ ತಯಾರಿ ತಡವಾದರೆ ಇಲ್ಲಿ ಆಫ್ರಿಕಾಕ್ಕೆ ಹೊರಟವರೆಲ್ಲ ಊರೂರು ಅಲೆಯುತ್ತಿದ್ದರು.

ಹಳದಿ ಜ್ವರದ ಹೆದರಿಕೆ ಒಮ್ಮೆ ನಮ್ಮೂರ ಕಡೆಗೂ ಬಂದಿತ್ತು. ನಾನು ಸೊರಬ ತಾಲ್ಲೂಕಿನವಳು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ ಹೋದವರು ಜ್ವರ ಹೊತ್ತು ಮನೆಗೆ ಬಂದರು, ಕೆಲವರು ಏಳಲೇ ಇಲ್ಲ. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿತು. ಕಾಡಿನಲ್ಲಿ ಮಂಗ ಸಾಯುತ್ತಿದೆ, ಪಕ್ಕದ ಹಳ್ಳಿಯಲ್ಲಿ ಜನ ಜ್ವರ ಮಲಗಿದ್ದಾರೆ ಎಂದರೆ ದಕ್ಷಿಣ ಅಮೆರಿಕದಲ್ಲಿ ಯಾರೂ ಎರಡನೇ ಮಾತಿಲ್ಲದೆ ಹಳದಿ ಜ್ವರ ಎನ್ನುತ್ತಾರೆ. ಅರ್ಧ ಶತಮಾನ ಕಾದು ಕೂತಿದ್ದ ಭಯ ಕೊನೆಗೂ ನಿಜವಾಯಿತೇ, ಅದೂ ಮಲೆನಾಡಿನ ಮೂಲೆಯಲ್ಲಿ? ಕೇಂದ್ರದ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರು ಬಂದು ಸತ್ತ ಮಂಗಗಳನ್ನು ಕೊಯ್ದು, ರಕ್ತ ತೆಗೆದುಕೊಂಡು ಹೋಗಿ ಪರೀಕ್ಷಿಸಿದರು. ಸಿಕ್ಕಿದ್ದು ಯಾರೂ ಕಂಡಿರದ ವೈರಸ್. ರಷ್ಯಾದ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು, ಹಳದಿ ಜ್ವರಕ್ಕೆ ದೂರದ ದಾಯಾದಿ. ಹರಡುವುದು ಸೊಳ್ಳೆಯಲ್ಲ, ಉಣುಗು. ಲೋಕ ಅದಕ್ಕೆ ಕ್ಯಾಸನೂರು ಕಾಡಿನ ಹೆಸರಿಟ್ಟಿತು, ನಾವು ಮಂಗನ ಕಾಯಿಲೆ ಎಂದೆವು. ಹೊರಗಿನಿಂದ ಬಂದೀತೆಂದು ಬಾಗಿಲು ಕಾಯುತ್ತಿದ್ದಾಗ ಒಳಗಿನದೇ ಒಂದು ಹೊರಬಿದ್ದ ಹಾಗಾಯಿತು. ದೇಶದ ಮಟ್ಟಿಗೆ ಅದು ಸಮಾಧಾನದ ಸುದ್ದಿ ಇರಬಹುದು. ನಮ್ಮ ಕಡೆಯವರಿಗೆ ಏನೂ ಸಮಾಧಾನ ಸಿಗಲಿಲ್ಲ, ಬೇಸಿಗೆ ಬಂತೆಂದರೆ ಇವತ್ತಿಗೂ ಕಾಡಿಗೆ ಹೋಗಲು ಹೆದರುತ್ತಾರೆ.

ಅನುಮಾನಿಸುವವರ ಸಾಲಿಗೆ ನಾವು ಸೇರಿದ ಮೇಲೆ ನಾವು ಕೇಳುವ ಲಸಿಕೆಗಳ ಪಟ್ಟಿ ಬೆಳೆಯಿತು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಅದೇ ತಿಂಗಳಿಂದ ಪಾಕಿಸ್ತಾನ, ನೈಜೀರಿಯಾ, ಕೀನ್ಯಾದಂಥ ಕೆಲವು ದೇಶಗಳಿಗೆ ಹೋಗಿಬರುವವರು ನಾಲ್ಕು ವಾರ ಮೊದಲೇ ಪೋಲಿಯೊ ಹನಿ ಹಾಕಿಸಿಕೊಳ್ಳಬೇಕೆಂದಾಯಿತು. ಟೈ ಕಟ್ಟಿಕೊಂಡು ಬಂದ ಕಂಪನಿ ಮ್ಯಾನೇಜರು ಕೂಸಿನ ಹಾಗೆ ಬಾಯಿ ಕಳೆದು ಕೂರಬೇಕು!

ಮತ್ತೆ ಒಮ್ಮೆ ನಮ್ಮ ಸರ್ಟಿಫಿಕೇಟನ್ನೇ ಬೇರೆಯವರು ಅನುಮಾನಿಸಿದ್ದು 2021ರಲ್ಲಿ. ಇಲ್ಲಿ ಕೋವಿಶೀಲ್ಡ್ ಎರಡೂ ಡೋಸ್ ಹಾಕಿಸಿಕೊಂಡವರೂ ಬ್ರಿಟನ್ನಿನಲ್ಲಿ ಹತ್ತು ದಿನ ಕ್ವಾರಂಟೈನ್ ಆಗಬೇಕಿತ್ತು. ಲಸಿಕೆ ಅವರ ಆಕ್ಸ್‌ಫರ್ಡಿನದೇ! ಅಕ್ಟೋಬರ್ 4ರಿಂದ ಭಾರತ ಬ್ರಿಟಿಷರಿಗೂ ಹತ್ತು ದಿನ ಹಾಕಿತು. ಅಕ್ಟೋಬರ್ 11ಕ್ಕೆ ಅವರು ನಿಯಮ ಸಡಿಲಿಸಿದರು. ಸೋಂಕಿಗಿಂತ ಸ್ವಾಭಿಮಾನದ ಜಗಳ ಅದು, ಆದರೂ ಪೇಪರಿನಲ್ಲಿ ಓದಿ ನಾನು ಖುಷಿಪಟ್ಟೆ.

ಹಳದಿ ಜ್ವರದ ಮಾತು ಬೇರೆ. 2016ರ ಜುಲೈಯಿಂದ ಒಂದು ಸಲ ಹಾಕಿಸಿದರೆ ಜೀವಮಾನಕ್ಕೆ ಸಾಕು ಎಂದಾಗಿದೆ. ಹತ್ತು ವರ್ಷದ ಹಳೇ ಕಾರ್ಡು ಹಿಡಿದು ಮತ್ತೊಮ್ಮೆ ಚುಚ್ಚಿಸಿಕೊಳ್ಳಲು ಬಂದವರನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಆದರೆ ಹಾಕಿಸದವರ ಆರು ದಿನ ಹಾಗೇ ಇದೆ, ಇರಬೇಕು. ಅದೇ 2016ರ ಮಾರ್ಚ್ ಏಪ್ರಿಲ್‌ನಲ್ಲಿ ಅಂಗೋಲಾದಲ್ಲಿ ದುಡಿಯುತ್ತಿದ್ದ 11 ಮಂದಿ ಚೀನೀಯರು ಹಳದಿ ಜ್ವರ ಹೊತ್ತು ಊರಿಗೆ ಮರಳಿದರು. ಏಷ್ಯಾದಲ್ಲಿ ಪ್ರಯೋಗಾಲಯ ಖಚಿತಪಡಿಸಿದ ಮೊದಲ ಪ್ರಕರಣಗಳು ಅವು. ಅಂಗೋಲಾ, ಕಾಂಗೋದಲ್ಲಿ ಆ ವರ್ಷ ಲಸಿಕೆಗೆ ಎಷ್ಟು ಬರವೆಂದರೆ ಕಿನ್ಶಾಸಾದಲ್ಲಿ ಒಂದು ಡೋಸನ್ನು ಐವರಿಗೆ ಹಂಚಿ ಹಾಕಿದರು. ಚೀನಾದಲ್ಲಿ ರೋಗ ಆ 11 ಜನರಲ್ಲೇ ನಿಂತಿತು. ಬೀಜಿಂಗಿನಲ್ಲಿ ಆಗಿನ್ನೂ ಚಳಿ, ಸೊಳ್ಳೆ ಎದ್ದಿರಲಿಲ್ಲ. ಬೆಂಗಳೂರಿನಲ್ಲಿ ಮಾರ್ಚ್ ಎಂದರೆ ನೀರು ಬರುವುದಿಲ್ಲವೆಂದು ಮನೆಮನೆಯಲ್ಲೂ ಡ್ರಮ್ಮು, ಬಕೆಟ್ಟು, ಸಿಂಟೆಕ್ಸು ತುಂಬಿಟ್ಟುಕೊಳ್ಳುವ ಕಾಲ.